ಗುಂಡನ ಏಕಾದಶಿ

ಒಂದು ಮರಿಯನ್ನು ಒಂದು ವಾರ ನೋಡಿಕೊಳ್ಳುವುದೇನು ಮಹಾ ಕೆಲಸ! ಇಬ್ಬರು ಮಕ್ಕಳನ್ನು ಸಾಕಿ, ಮದುವೆ ಮಾಡಿ ಕಳಿಸಿದವನು ನಾನು. ಹಾಗಾಗಿ ತಂಗಿಯ ಮಗಳು ಸ್ಫೂರ್ತಿ ನಮ್ಮ ಚಾಮರಾಜಪೇಟೆಯ ಮನೆಗೆ ಗಾಜಿನ ಪೆಟ್ಟಿಗೆಯೊಂದನ್ನು ತಂದಾಗ ಧಾರಾಳವಾಗಿ ಒಪ್ಪಿಕೊಂಡೆ. ಒಳಗಿದ್ದದ್ದು ಬಿಯರ್ಡೆಡ್ ಡ್ರ್ಯಾಗನ್ ಎಂಬ ವಿದೇಶಿ ಓತಿಕ್ಯಾತದ ಮರಿ. ಗೇಣುದ್ದದ ಮೈ, ಗದ್ದದ ಕೆಳಗೆ ಮುಳ್ಳಿನ ಗಡ್ಡ. ಹೆಸರು ಗುಂಡ.

"ಮಾವ, ಇವ್ನು ನನ್ನ ಪ್ರಾಣ. ಬಲ್ಬ್ ಹಗಲೆಲ್ಲಾ ಉರೀತಿರ್ಬೇಕು. ಸೊಪ್ಪು ಸ್ವಲ್ಪ ಸಾಕು. ಮರಿ ಅಲ್ವಾ, ದಿನಾ ಹುಳ ಕೊಡ್ಲೇಬೇಕು," ಎಂದ ಸ್ಫೂರ್ತಿ, ಕುಪ್ಪಳಿಸುವ ಜೀವಂತ ಹುಳಗಳ ಡಬ್ಬಿಯೊಂದನ್ನು ನನ್ನ ಕೈಗಿಟ್ಟು ಪ್ರವಾಸ ಹೊರಟಳು.

ನನ್ನ ಹೆಂಡತಿ ವಿಮಲಾ ಡಬ್ಬಿ ನೋಡಿದಳು. ಆಮೇಲೆ ಕ್ಯಾಲೆಂಡರ್ ನೋಡಿದಳು.

"ರೀ, ಇವತ್ತು ಏಕಾದಶಿ. ಅನ್ನಾನೇ ಬೇಯಿಸದ ದಿನ ನಮ್ಮನೇಲಿ ಹುಳ ತಿನ್ನಿಸ್ತೀರಾ?"

ನ್ಯಾಯವಾದ ಮಾತು. ಗುಂಡನೂ ಇಂದು ಉಪವಾಸವಿರತಕ್ಕದ್ದೆಂದು ತೀರ್ಮಾನಿಸಿದೆ. ಉಪವಾಸದವನಿಗೆ ಸೆಕೆ ಬೇರೆ ಏಕೆಂದು ಬಲ್ಬ್ ಆರಿಸಿ, ಫ್ಯಾನ್ ಹಾಕಿದೆ. ಹುಳಗಳಿಗೂ ಉಸಿರುಗಟ್ಟಬಾರದಲ್ಲ! ಡಬ್ಬಿಯ ಮುಚ್ಚಳವನ್ನು ತುಸು ಸಡಿಲಿಸಿದೆ. ನನ್ನ ದಯೆಗೆ ಅಂದು ಎಲ್ಲೆಯೇ ಇರಲಿಲ್ಲ.

ಸಂಜೆ ಪಕ್ಕದ ಮನೆಯ ಪದ್ಮಮ್ಮನವರು ನೋಡಲು ಬಂದರು. ಗುಂಡ ನಮ್ಮನ್ನು ಕಂಡವನೇ ಮುಂಗಾಲೊಂದನ್ನು ಮೇಲೆತ್ತಿ, ಗಾಳಿಯಲ್ಲಿ ನಿಧಾನವಾಗಿ ಸುತ್ತಿಸಿದ.

"ಅಯ್ಯೋ, ಆಶೀರ್ವಾದ ಮಾಡ್ತಿದಾನಲ್ರೀ!" ಎಂದು ಪದ್ಮಮ್ಮ ಕೈಮುಗಿದರು.

"ಸಾತ್ವಿಕ ಜೀವ," ಎಂದೆ ಬೀಗುತ್ತಾ. "ಒಂದೇ ಉಪವಾಸಕ್ಕೆ ಈ ಮಟ್ಟಕ್ಕೆ ಬಂದಿದಾನೆ!"

ದ್ವಾದಶಿಯ ಬೆಳಿಗ್ಗೆ ಪಾರಣೆಗೆಂದು ಹೆಸರುಬೇಳೆ ಕೋಸಂಬರಿ ಇಟ್ಟೆ. ಗುಂಡ ಮೂಸಿಯೂ ನೋಡಲಿಲ್ಲ. ಮೈ ಕಪ್ಪಾಗಿತ್ತು, ಕಣ್ಣು ಮುಚ್ಚಿತ್ತು, ಮುಟ್ಟಿದರೆ ತಣ್ಣಗಿತ್ತು. ಆ ಹುಡುಗಿಗೆ ಯಾವ ಮುಖ ತೋರಿಸಲಿ? ಸ್ಫೂರ್ತಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ.

"ಮಾವಾ! ಮೊದ್ಲು ಬಲ್ಬ್ ಹಾಕಿ! ಮೈ ಬಿಸಿಯಾದ್ಮೇಲೆ ಹುಳ ಕೊಡಿ!"

ಬಲ್ಬ್ ಹಾಕಿದೆ. ಡಬ್ಬಿ ತೆರೆದೆ. ಖಾಲಿ!

ಫ್ರಿಜ್ಜಿನ ಹಿಂದಿನಿಂದ ಏನೋ "ಕಿರ್ರ್" ಎಂದಿತು. ಪಂಚೆ ಮೇಲೆತ್ತಿ ಕಟ್ಟಿ, ಹಿಟ್ಟಿನ ಜರಡಿ ಹಿಡಿದು ನೆಲದ ಮೇಲೆ ತೆವಳಿದೆ. ವಿಮಲಾ ಪೊರಕೆ ಹಿಡಿದಳು. ಕೂಗು ಕೇಳಿ ಓಡಿಬಂದ ಪದ್ಮಮ್ಮನ ಕೈಯಲ್ಲಿ ಟಾರ್ಚ್.

"ಅಲ್ಲಿ, ಅಲ್ಲಿ! ದೇವರ ಮನೆಗೆ ಹೋಯ್ತು!" ಎಂದು ಪದ್ಮಮ್ಮ ಟಾರ್ಚ್ ಬಿಟ್ಟರು.

"ಜರಡಿ ಹಾಕ್ರೀ! ಬಾಯಿ ಬಿಟ್ಕೊಂಡು ನೋಡ್ತಿದ್ರೆ ಬಾಯೊಳಗೇ ಹೋಗತ್ತೆ!" ಎಂದು ವಿಮಲಾ ನನ್ನನ್ನು ಗದರಿದಳು.

ಒಂದು ಗಂಟೆಯ ಹೋರಾಟದಲ್ಲಿ ನಾಲ್ಕು ಹುಳ ಸಿಕ್ಕವು. ಅಷ್ಟರಲ್ಲಿ ಗುಂಡನ ಮೈ ಬಿಸಿಯಾಗಿತ್ತು. ನಿನ್ನೆ ಹುಳ ಬೇಡವೆಂದಿದ್ದ ವಿಮಲಾಳೇ "ತಿನ್ನೋ ಕಂದಾ" ಎಂದು ಗೋಗರೆದಳು. ಗುಂಡ ಒಂದು ಕಣ್ಣು ತೆರೆದ. ಟಪಕ್! ನಾಲ್ಕೂ ಮಾಯ. ನನಗೆ ನಿಜಕ್ಕೂ ಅಳು ಬಂತು. ಗುಂಡ ಕೈಯೆತ್ತಿದ, ಮೂವರೂ ತಲೆಬಾಗಿದೆವು. ವಾರದ ಉಳಿದ ದಿನಗಳೆಲ್ಲ ಹೊತ್ತುಹೊತ್ತಿಗೆ ನನಗೆ ಇದೇ ಬೇಟೆ.

ವಾಪಸು ಬಂದ ಸ್ಫೂರ್ತಿಗೆ ಆಶೀರ್ವಾದದ ಕಥೆ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದು ಆಶೀರ್ವಾದ ಅಲ್ಲ ಮಾವ! ದೊಡ್ಡ ಪ್ರಾಣಿ ಕಂಡ್ರೆ ಮರಿಗಳು ಹಾಗೆ ಕೈ ಎತ್ತುತ್ವೆ. 'ನಾನು ಚಿಕ್ಕೋನು, ನಂಗೇನೂ ಮಾಡ್ಬೇಡಿ' ಅಂತ!"

ಅಂದರೆ ಇಡೀ ವಾರ ಅವನು ಬೇಡಿದ್ದು ಪ್ರಾಣಭಿಕ್ಷೆ!

ವಿಮಲಾ ಮಾತ್ರ ಗಾಜಿನ ಪೆಟ್ಟಿಗೆ ಬಿಟ್ಟು ಕದಲಲಿಲ್ಲ. "ಮುಂದಿನ ಸಲಾನೂ ಇಲ್ಲೇ ಬಿಡಮ್ಮ. ಇಡೀ ತಿಂಗಳು ಬೇಕಾದ್ರೂ ಬಿಡು. ಹುಳ ನಿಮ್ಮ ಮಾವ ಹಿಡೀತಾರೆ."

ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಬಲಗೈ ತಾನಾಗಿಯೇ ಮೇಲೆದ್ದು, ಗಾಳಿಯಲ್ಲಿ ನಿಧಾನವಾಗಿ ಸುತ್ತತೊಡಗಿತು.