ಲಸಿಕೆಯ ಫ್ರಿಜ್ಜಿನ ಬಾಗಿಲು ತೆರೆದಿಡುವ ಕುರಿತು

ದತ್ತವಾಡದ ಆಚೆಗಿರುವ ಕುರಿ ಸಾಕಣೆದಾರರ ಸಹಕಾರಿ ಸಂಘದಲ್ಲಿ ಬೇಸಿಗೆಯ ದಿನಗಳಲ್ಲಿ ಫ್ರಿಜ್ಜಿನ ಬಾಗಿಲು ತೆರೆದಿರತಕ್ಕದ್ದು. ಇದು ಠರಾವು. ಫ್ರಿಜ್ಜು ಬಂದಿರುವುದು ಕುರಿಗಳ ಲಸಿಕೆಗಾಗಿ. ಆದರೆ ಸೆಕೆಯಾಗುವುದು ಅಧ್ಯಕ್ಷ ಬಾಪೂಸಾಹೇಬರಿಗೆ, ಮತ್ತು ಎಸಿಗೆ ಮಂಜೂರಾತಿ ಬಂದಿಲ್ಲ.

ಫ್ರಿಜ್ಜಿರುವ ಅವರ ಕೋಣೆ ತಂಪಾಗುವ ಬದಲು ಇನ್ನಷ್ಟು ಕಾಯತೊಡಗಿದಾಗ ಕಾರ್ಯದರ್ಶಿ ಕೇದಾರನನ್ನು ಕರೆಸಲಾಯಿತು. ಕೇದಾರ ಕೊಲ್ಹಾಪುರದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದವನು. ಯಾರಾದರೂ ಅದರಲ್ಲಿ ಒಂದು ಪ್ರಶ್ನೆ ಕೇಳಲಿ ಎಂದು ಅಂದಿನಿಂದ ಕಾದಿದ್ದ.

"ಫ್ರಿಜ್ಜು ತಂಪು ಹುಟ್ಟಸೂದಿಲ್ರಿ ಸಾಹೇಬ್ರ," ಎಂದು ಗಂಟಲು ಸರಿಮಾಡಿಕೊಂಡ. "ಒಳಗಿನ ನಳಿಯಾಗ ದ್ರವ ಆವಿ ಆಗಿ ಸೆಕಿ ಹೀರಕೋತೈತಿ. ಕಂಪ್ರೆಸರ್ ಆ ಆವಿ ಹಿಂಡತೈತಿ, ಅದು ಕಾಯತೈತಿ. ಹಿಂದಿನ ಜಾಳಗ್ಯಾಗ ಸೆಕಿ ಬಿಟ್ಟು ಮತ್ತ ದ್ರವ ಆಗತೈತಿ. ಸಣ್ಣ ನಳಿ ಹಾದು, ತಣ್ಣಗಾಗಿ, ಮತ್ತ ಒಳಗ. ಮುಂದಿನ ಸೆಕಿ ತಗದು ಹಿಂದ ಒಗ್ಯೂದಷ್ಟ ಅದರ ಕೆಲಸ."

"ಹಿಂದ ಅಂದ್ರ ಯಾರ ಖೋಲಿ?"

"ನಂದ್ರೀ."

ಸಂಜೆಯೊಳಗೆ ಗೋಡೆ ಒಡೆದು ಫ್ರಿಜ್ಜಿನ ಬೆನ್ನನ್ನು ಕೇದಾರನ ಕೋಣೆಗೆ ದೂಡಲಾಯಿತು. ಅಧ್ಯಕ್ಷರ ಕೋಣೆ ತಂಪಾಯಿತು. ಶಾಸ್ತ್ರ ಸರಿಯಾಗಿದ್ದುದರಿಂದ ಕೇದಾರ ತಕರಾರು ಮಾಡುವಂತಿರಲಿಲ್ಲ. ಅವನಿಗೆ ಉಣ್ಣೆಯ ಶಾಲು ಹೊದಿಸಿ ಸತ್ಕಾರ ಮಾಡಿದರು. ಅದನ್ನು ಹೊದ್ದುಕೊಂಡೇ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತು ಬೆವರಿದ.

ಮರುವಾರ ಕುರಿ ಕಾಯುವ ಸಾವಿತ್ರವ್ವ ಲಸಿಕೆ ಹಾಕಿಸಲು ತನ್ನ ಹಿಂಡು ಹೊಡೆದುಕೊಂಡು ಬಂದಳು. ಲಸಿಕೆ ಹಾಕಿದ ಗುರುತಿಗೆ ಸಂಘದವರು ಬೆನ್ನಿಗೆ ಕೆಂಪು ಬಣ್ಣ ಬಳಿಯುತ್ತಾರೆ. ಬಣ್ಣವಿಲ್ಲದ ಕುರಿಯನ್ನು ಗೊಬ್ಬರಕ್ಕೆಂದು ಯಾರೂ ಹೊಲದಲ್ಲಿ ಕೂರಿಸಿಕೊಳ್ಳುವುದಿಲ್ಲ. ಅವಳ ಹೊಟ್ಟೆಪಾಡು ನಡೆಯುವುದು ಹೊಲದವರು ಅದಕ್ಕೆ ಕೊಡುವ ಕಾಸಿನಿಂದಲೇ.

ಕೇದಾರ ಲಸಿಕೆಯ ಸೀಸೆ ಮುಟ್ಟಿ ನೋಡಿದ. "ಲಸಿಕಿ ಕೆಟ್ಟೈತ್ರಿ ಸಾಹೇಬ್ರ. ಅದಕ್ಕ ತಂಪು ಬೇಕಾಗಿತ್ತು."

"ಲಸಿಕಿ ಯಾರ ಸಲುವಾಗಿ?" ಎಂದರು ಬಾಪೂಸಾಹೇಬರು.

"ಕುರಿ ಸಲುವಾಗಿ ರೀ."

"ಹಂಗಾರ ತಂಪು ಸೀದಾ ಕುರಿಗೇ ಕೊಡಪಾ. ನಡುವ ಸೂಜಿ ಯಾಕ?"

ಠರಾವು ಒಮ್ಮತದಿಂದ ಪಾಸಾಯಿತು: ಪ್ರತಿ ಕುರಿಯೂ ಫ್ರಿಜ್ಜಿನೊಳಗೆ ಮುಖವಿಟ್ಟು ಕೊಂಚ ಹೊತ್ತು ನಿಲ್ಲತಕ್ಕದ್ದು, ನಂತರ ಬಣ್ಣ.

"ಇದರಿಂದ ಬ್ಯಾನಿ ತಪ್ಪತೈತೇನ್ರಿ?" ಸಾವಿತ್ರವ್ವ ಕೇದಾರನನ್ನು ಬದಿಗೆ ಕರೆದು ಕೇಳಿದಳು.

ಕೇದಾರ ತನ್ನ ಓದನ್ನೆಲ್ಲ ನೆನೆದು, "ಬಣ್ಣಾ ಅಂತೂ ಹತ್ತತೈತಿ ಯವ್ವಾ," ಎಂದ.

"ಅಷ್ಟಾದ್ರ ಸಾಕ್ರಿ."

ಹಿಂಡು ಪಾಳಿ ಹಚ್ಚಿತು. ಟಗರಿನ ಸರದಿ ಬಂದಾಗ ಅವಳು ಮತ್ತೆ ಕೂಗಿದಳು: "ಇದರ ಕೋಡು ಒಳಗ ಹಿಡಸವಲ್ವು. ನಡೀತೈತೇನ್ರಿ?"

ಕೇದಾರ ಬಾಗಿ ನೋಡಿದ.

"ಮೂಗು ಹೋದ್ರ ನಡೀತೈತಿ," ಎಂದು ಬಣ್ಣದಲ್ಲಿ ಕುಂಚ ಅದ್ದಿದ.