ಗೊಲ್ಲಾಳಪ್ಪ ಮನಿಲಾ ನೋಡಿದ್ದು

ಗೊಲ್ಲಾಳಪ್ಪನ ಪಾಸ್‌ಪೋರ್ಟಿಗೆ ಇನ್ನೂ ಐದು ತಿಂಗಳ ಆಯುಷ್ಯವಿತ್ತು. ಆರು ಬೇಕಿತ್ತಂತೆ. ಮುಂಬೈ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಅದನ್ನು ನಗುನಗುತ್ತಲೇ ಹೇಳಿ, ಹಿಂದೆ ನಿಂತವರನ್ನು ಮುಂದೆ ಕರೆದಳು. ಅಲ್ಲಿಗೆ ಅವನ ಫಿಲಿಪ್ಪೀನ್ಸ್ ಪ್ರವಾಸ ಮುಗಿಯಿತು.

ತಿಕೋಟಾದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟವನು ಗೊಲ್ಲಾಳಪ್ಪ. ಈ ವರ್ಷ ಎಲ್ಲರಿಗಿಂತ ಹೆಚ್ಚು ಪೈಪು ಮಾರಿದ್ದಕ್ಕೆ ಕಂಪನಿಯವರು ನಾಲ್ಕು ದಿನದ ಮನಿಲಾ ಪ್ರವಾಸ ಕೊಟ್ಟಿದ್ದರು. ಸುಮ್ಮನೆ ಹೋಗಿದ್ದರೆ ಸುಮ್ಮನೆ ವಾಪಸು ಬರಬಹುದಿತ್ತು. ಆದರೆ ಅವನ ಊರು ಘೋಣಸಗಿ ಅವನನ್ನು ಸುಮ್ಮನೆ ಕಳಿಸಿರಲಿಲ್ಲ. ಹಲಗೆ ಬಾರಿಸಿ, ಶಾಲು ಹೊದಿಸಿ, ತಲೆಗೆ ಪಟಕಾ ಸುತ್ತಿ, ಎರಡು ಭಾಷಣ ಮಾಡಿ ಬಸ್ಸು ಹತ್ತಿಸಿತ್ತು. ತಾಯಿ ದುಂಡವ್ವ ವಾರವಿಡೀ ಮನೆಮನೆಗೆ ಹೋಗಿ, "ನನ್ನ ಮಗ ವಿಮಾನದಾಗ ಹೊಂಟಾನ" ಎಂದು ಸಾರಿ ಬಂದಿದ್ದಳು. ಅಂಥ ತಾಯಿಯ ಮುಂದೆ ಮರುದಿನವೇ ಚೀಲ ಹೊತ್ತು ನಿಲ್ಲುವುದು ಹೇಗೆ? ಗೊಲ್ಲಾಳಪ್ಪ ಸೀದಾ ವಿಜಯಪುರಕ್ಕೆ ಬಂದು ಸೊಲ್ಲಾಪುರ ರಸ್ತೆಯ ಒಂದು ಲಾಡ್ಜಿನಲ್ಲಿ ಅಡಗಿ ಕೂತ. ನಾಲ್ಕು ದಿನ ಕಳೆದು ದಣಿದ ಮುಖ ಮಾಡಿಕೊಂಡು ಊರಿಗೆ ಹೋದರೆ ಮಾನ ಉಳಿಯುತ್ತಿತ್ತು.

ಇವತ್ತು ಮೂರನೆಯ ದಿನ. ಅವನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಿಟಕಿ ತೆರೆದರೆ ಕೆಳಗೇ ಗ್ಯಾರೇಜು, ಅಲ್ಲಿ ಅರ್ಧ ತಿಕೋಟಾದ ಟ್ರ್ಯಾಕ್ಟರುಗಳು. ಸುಳ್ಳು ಪಕ್ಕಾ ಇರಲಿ ಎಂದು ಕೈಗಡಿಯಾರವನ್ನು ಬೇರೆ ಮನಿಲಾದ ವೇಳೆಗೆ ಎರಡೂವರೆ ತಾಸು ಮುಂದಿಟ್ಟುಕೊಂಡಿದ್ದ. ಅದನ್ನು ನಂಬಿ ನಿನ್ನೆ ಹತ್ತೂವರೆಗೇ ಊಟಕ್ಕೆ ಹೋಗಿ ಖಾನಾವಳಿಯವರಿಂದ ಬೈಸಿಕೊಂಡಿದ್ದ.

ಬೆಳಿಗ್ಗೆ ಎಂಟಕ್ಕೆ ಹೆಂಡತಿ ರೇಣುಕಾಳ ಫೋನು ಬಂತು. ಎತ್ತಿದರೆ ಪಕ್ಕದ ಮನೆಯ ಶಂಕರೆಪ್ಪನ ದನಿ. ತನ್ನ ಮನೆಯ ಕೆಲಸವೊಂದನ್ನು ಬಿಟ್ಟು ಊರವರ ಎಲ್ಲ ಕೆಲಸ ಮಾಡುವ ಮುದುಕ ಅವನು.

"ಲೇ ಗೊಲ್ಲಾಳಪ್ಪ, ಮೂರ ದಿನ ಆತು, ಒಂದ ಫೋಟೋ ಇಲ್ಲ. ಅಂವ ಹೋಗ್ಯಾನೋ ಇಲ್ಲೋ ಅಂತ ಮಂದಿ ಕೇಳಾಕತ್ತಾರ. ನಿಮ್ಮವ್ವ ಓಣ್ಯಾಗ ತಲಿ ಎತ್ತದಂಗ ಆಗೇತಿ."

"ನೆಟ್‌ವರ್ಕ್ ಇರಲಿಲ್ಲ ಕಾಕಾ."

"ನಾ ಮೊಬೈಲ್ ನೋಡಿ ಪಟ್ಟಿ ಮಾಡೇನಿ. ಮೊದಲ ಇಂಟ್ರಾಮುರೋಸ್ ಅಂತ ಹಳೇ ಕೋಟಿ ಐತಿ. ಅಲ್ಲಿ ಕುದರಿ ಗಾಡಿ ಓಡ್ತಾವಂತ. ವಿಡಿಯೋದಾಗ ತೋರಸು. ಅರ್ಧ ತಾಸ ಕಾಯ್ತೀವಿ."

ಹಳೇ ಕೋಟೆ, ಕುದುರೆ ಗಾಡಿ! ಎರಡೂ ವಿಜಯಪುರದಲ್ಲೇ ಇದ್ದವು. ಗೊಲ್ಲಾಳಪ್ಪನಿಗೆ ಹೋದ ಜೀವ ಬಂದಂತಾಯಿತು. ತಲೆಗೆ ಟವೆಲು ಸುತ್ತಿಕೊಂಡು ಕೆಳಗಿಳಿದು, ಎದುರಿಗೆ ಬಂದ, ಇರ್ಫಾನ ಎಂಬವನ ಟಾಂಗಾ ಹತ್ತಿದ. ಜನ ಓಡಾಡದ ಕಡೆ ಕೋಟೆಗೋಡೆಗೆ ಒತ್ತಿ ಗಾಡಿ ನಿಲ್ಲಿಸಿ ವಿಡಿಯೋ ಹಚ್ಚಿದ.

ಫೋನಿನೊಳಗೆ ಓಣಿಯೇ ತುಂಬಿತ್ತು. ಸಂತೆಗೆ ಬಂದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಇದೇ ಗೋಡೆಗೆ ಎಲೆಅಡಿಕೆ ಉಗುಳಿದವರೆಲ್ಲ ಈಗ ಕಣ್ಣರಳಿಸಿ ನೋಡುತ್ತಿದ್ದರು.

"ಏನ ಕಲ್ಲೋ ಯಪ್ಪಾ! ನಮ್ಮಲ್ಲಿ ಇಂಥಾವು ಎಲ್ಲಿ ಅದಾವ?" ಅಂದಳು ದುಂಡವ್ವ.

ಅಷ್ಟರಲ್ಲಿ ಇರ್ಫಾನ ಹಿಂದಿನಿಂದ, "ಮಾಲಕರ, ಇನ್ನ ಎಷ್ಟೊತ್ತ ನಿಲ್ಲಸ್ಲಿ?" ಎಂದ.

"ಯಾರಂವ, ಕನ್ನಡ ಮಾತಾಡಾಂವ?" ಶಂಕರೆಪ್ಪನ ಮುಖ ಪರದೆಯ ತುಂಬ ಬಂತು.

"ನಮ್ಮ ಕಡ್ಯಾಂವನ ಕಾಕಾ. ಮಮದಾಪುರದಾಂವ. ಇಲ್ಲೇ ಗಾಡಿ ಹೊಡಿತಾನ." ದಾರಿಯಲ್ಲಿ ಕೇಳಿದ್ದನ್ನು ಗೊಲ್ಲಾಳಪ್ಪ ಗಡಿಬಿಡಿಯಲ್ಲಿ ಹೇಳಿಬಿಟ್ಟ. ಹೇಳಬಾರದಿತ್ತು.

"ಮಮದಾಪುರ? ಅಯ್ಯ ನನ್ನ ತವರಮನಿ! ಕೊಡ ಅಂವನ ಕೈಯಾಗ," ಎಂದು ದುಂಡವ್ವ ಹಟ ಹಿಡಿದಳು. ಇರ್ಫಾನ ತಾನೇ ಬಗ್ಗಿ ಫೋನಿನಲ್ಲಿ ಮುಖ ಇಟ್ಟ.

"ಏನಪಾ ತಮ್ಮಾ, ಇಷ್ಟ ದೂರ ಬಂದ ದುಡ್ಯಾಕತ್ತೀ. ಊರಿಗಿ ಯಾವಾಗರೆ ಹೋಗ್ತೀಯೇನ?"

"ದಿನಾ ಸಂಜಿ ಬಸ್ಸಿಗಿ ಹೋಗ್ತೀನ್ರಿ ಅವ್ವಾರ."

ಫೋನಿನೊಳಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊಲ್ಲಾಳಪ್ಪ ಫೋನು ಕಿತ್ತುಕೊಂಡು ಪಿಸುಗುಟ್ಟಿದ: "ಅವ್ವಾ, ಪಾಪ, ಅಂವ ಬಂದು ಭಾಳ ವರ್ಷ ಆಗ್ಯಾವ. ಊರ ನೆನಪಾಗಿ ತಲಿ ಕೆಟ್ಟೈತಿ."

ದುಂಡವ್ವ ಅಲ್ಲೇ ಸೆರಗು ಕಣ್ಣಿಗೊತ್ತಿದಳು. ಇತ್ತ ಇರ್ಫಾನನಿಗೂ ಅದು ಕೇಳಿತ್ತು.

"ಯಾರ ತಲಿ ಕೆಟ್ಟೈತ್ರಿ? ಇಳೀರಿ ಕೆಳಗ!" ಎಂದವನೇ ಅವನ ತೋಳು ಹಿಡಿದು ಜಗ್ಗಿದ. ಗೊಲ್ಲಾಳಪ್ಪ ಕರೆ ಕತ್ತರಿಸಿ, ಕೈಮುಗಿದು, ಇದ್ದದ್ದೆಲ್ಲ ಹೇಳಿದ. ಇರ್ಫಾನ ಹೊಟ್ಟೆ ಹಿಡಿದು ನಕ್ಕ. ಆದರೂ ಊರು ತಿರುಗಿಸಲು ಒಪ್ಪದೆ, ತನ್ನ ಟಾಂಗಾ ನಿಲ್ಲುವ ಗೋಳಗುಮ್ಮಟದ ಮುಂದೆ ಇಳಿಸಿ ಹೋದ.

ಫೋನಿಗೆ ಶಂಕರೆಪ್ಪನ ಹೊಸ ಸಂದೇಶ ಬಂದಿತ್ತು: "ಕೋಟಿ ಛಲೋ ಐತಿ. ಮಧ್ಯಾಹ್ನ ಅಲ್ಲಿಯ ದೊಡ್ಡ ಚರ್ಚ್ ನೋಡು. ಅದರ ಮ್ಯಾಲ ಗುಮ್ಮಟ ಐತಂತ."

ಗೊಲ್ಲಾಳಪ್ಪ ಕತ್ತೆತ್ತಿ ನೋಡಿದ. ಗುಮ್ಮಟಕ್ಕೇನೂ ಕೊರತೆ ಇರಲಿಲ್ಲ. ಮೇಲಾಗಿ ಅವನ ಕಡೆಯವರು ಈ ಊರಿಗೆ ಬರುವುದು ಸಂತೆಗೆ, ದವಾಖಾನೆಗೆ, ಕೋರ್ಟಿಗೆ. ಗೋಳಗುಮ್ಮಟ ಹತ್ತುವವರು ಹೊರಗಿನ ಊರವರು. ಬೀದಿಯಲ್ಲಿ ಅಲೆಯುವುದಕ್ಕಿಂತ ಸಂಜೆವರೆಗೆ ಅದರೊಳಗೆ ಕೂರುವುದೇ ಕ್ಷೇಮ ಎನ್ನಿಸಿತು.

ಇಕ್ಕಟ್ಟಿನ ಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದ. ಗುಮ್ಮಟದ ಒಳಗೆ ಸುತ್ತಲೂ ಓಡುವ ಮೊಗಸಾಲೆ. ಮರುದನಿ ಕೇಳಲೆಂದು ಸೀಟಿ ಹೊಡೆದು ದಣಿದ ಶಾಲೆಯ ಮಕ್ಕಳು ಇಳಿದು ಹೋದ ಮೇಲೆ ಅಲ್ಲಿ ಹಾಯಾಗಿತ್ತು. ಅವನು ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತ. ಮೂರು ದಿನದ ನಿದ್ದೆ ಒಮ್ಮೆಗೇ ಬಂದಂತಾಗಿ ಗೋಡೆಗೊರಗಿ ಕಣ್ಣು ಮುಚ್ಚಿದ. ಎಚ್ಚರವಾದದ್ದು ಫೋನು ಗುರುಗುಟ್ಟಿದಾಗ. ರೇಣುಕಾ. ವಿಡಿಯೋ ಅಲ್ಲ, ಬರೀ ಕರೆ. ದೇವರು ದೊಡ್ಡವನು ಎಂದುಕೊಂಡು ಎತ್ತಿದ.

"ರೇಣುಕಾ, ಮನಿಲಾದ ದೊಡ್ಡ ಚರ್ಚಿನಾಗ ಅದೀನಿ," ಎಂದು ಪಿಸುಗುಟ್ಟಿದ. "ಇಲ್ಲಿ ಜೋರ ಮಾತಾಡಂಗಿಲ್ಲ."

ಅತ್ತ ರೇಣುಕಾ ಏದುಸಿರು ಬಿಡುತ್ತಿದ್ದಳು. "ಹೌದ್ರೀ? ನಾವೂ ಗುಮ್ಮಟದಾಗ ಅದೀವಿ. ನೀವು ಆ ಕೋಟಿ ತೋರಿಸಿದ ಗಳಿಗಿಯಿಂದ ಅತ್ತಿ ಹಟ ಹಿಡದಾರ್ರಿ. ಮಗ ಪರದೇಶ ನೋಡಾಕತ್ತಾನ, ನಾ ಎಪ್ಪತ್ತ ವರ್ಷದಾಕಿ ನಮ್ಮ ಬಿಜಾಪುರದ ಗುಮ್ಮಟ ನೋಡಿಲ್ಲ ಅಂತ. ಶಂಕರೆಪ್ಪ ಕಾಕಾ ಟಮಟಮ್ ಗಾಡಿ ಬಾಡಗಿ ಮಾಡಿ ಓಣಿ ಮಂದಿನ್ನೆಲ್ಲ ಕರಕೊಂಡ ಬಂದಾನ. ಈಗರೆ ಮ್ಯಾಲ ಹತ್ತಿ ಬಂದ್ವಿ."

ಗೊಲ್ಲಾಳಪ್ಪನ ಒಂದು ಕಿವಿಗೆ ಫೋನು ಇತ್ತು. ಇನ್ನೊಂದು ಕಿವಿಯ ಪಕ್ಕದ ಗೋಡೆಯಿಂದ, ಯಾರೋ ಮಗ್ಗುಲಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಅವನ ತಾಯಿಯ ದನಿ ಬಂತು:

"ಯಪ್ಪಾ ಶಂಕರೆಪ್ಪಾ, ಎಂಥಾ ಗುಮ್ಮಟೋ ಇದು! ಮನಿಲಾದಾಗ ನನ್ನ ಮಗ ಪಿಸುಗುಟ್ಟಿದ್ದು ಈ ಗ್ವಾಡ್ಯಾಗ ಕೇಳಸ್ತಲ್ಲೋ!"

ಗೊಲ್ಲಾಳಪ್ಪ ತಿರುಗಲಿಲ್ಲ. ಟವೆಲನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಗೆ ಇನ್ನಷ್ಟು ಅಂಟಿದ. ಇಳಿಯುವ ಮೆಟ್ಟಿಲು ಅವರಿದ್ದ ಕಡೆಗೇ ಇತ್ತು.

ಎದುರು ಬದಿಯಲ್ಲಿ ರೇಣುಕಾ, ಬೆಳಿಗ್ಗೆ ವಿಡಿಯೋದಲ್ಲಿ ಕಂಡ ಅದೇ ಟವೆಲನ್ನು ನೋಡುತ್ತ, ಫೋನನ್ನು ಮೆಲ್ಲಗೆ ಕಿವಿಯಿಂದ ಇಳಿಸಿದಳು.

"ದನಿ ಅಷ್ಟ ಅಲ್ರಿ ಅತ್ತೀ," ಅಂದಳು. "ಮನಿಲಾ ನಿಮ್ಮ ಮಗನ್ನೂ ಇಲ್ಲಿಗಿ ಕಳಿಸೈತಿ ನೋಡ್ರಿ. ಅಕಾ ಅಲ್ಲಿ ಕುಂತಾರ!"

ಗುಮ್ಮಟ ಆ ಮಾತನ್ನು ಏಳು ಸಲ ಹೇಳಿತು. ಅದು ಮುಗಿಯುವ ಮೊದಲೇ ಶಂಕರೆಪ್ಪ ಊರಿನಲ್ಲಿ ಉಳಿದವರಿಗೆಲ್ಲ ವಿಡಿಯೋ ಹಚ್ಚಿದ್ದ.