ಗಡಿಯಾರದ ತಾತನ ಕೈಗೆ ಕಾವಲು

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದಂತೆ, ಗಡಿಯಾರದ ತಾತನ ಅಂಗಡಿಯ ಪ್ರಾಣ ಅಂದು ಸಾಸಿವೆಗಿಂತ ಸಣ್ಣ ತಿರುಪೊಂದರಲ್ಲಿತ್ತು.

"ಸಂಜೆಯೊಳಗೆ ನನ್ನ ವಾಚು ಜೋಡಿಸಿಕೊಡಿ ಅಪ್ಪಾ. ಆಯ್ತು ಅಂದ್ರೆ ಅಂಗಡಿ ಇರ್ಲಿ, ಆಗ್ಲಿಲ್ಲ ಅಂದ್ರೆ ಮುಚ್ಚಿಬಿಡೋಣ," ಎಂದು ಮಗಳು ಬೆಳಿಗ್ಗೆಯೇ ಹೇಳಿಹೋಗಿದ್ದಳು. ತಾತನಿಗೆ ಪಾರ್ಕಿನ್ಸನ್ ಕಾಯಿಲೆ. ಹಲ್ಲಿ ಬಿಟ್ಟುಹೋದ ಬಾಲದಂತೆ ಬಲಗೈ ತನ್ನಷ್ಟಕ್ಕೆ ಅದುರುತ್ತಿತ್ತು. ಡಾಕ್ಟರ ಮಾತ್ರೆ ನುಂಗಿದರೆ ಕೆಲವು ಗಂಟೆ ಹೇಳಿದ ಮಾತು ಕೇಳುತ್ತಿತ್ತು.

ಮಾತ್ರೆ ಬಾಯಿಗಿಡುವಷ್ಟರಲ್ಲಿ ಪಕ್ಕದಂಗಡಿಯ ಟೈಲರಮ್ಮ ಬಂದಳು. "ಮೀನೆಣ್ಣೆ ಗುಳಿಗೆ ತಾತ, ನರಕ್ಕೆ ಒಳ್ಳೇದು." ಹಿಂದೆಯೇ ಮಹಡಿಯ ಮೇಷ್ಟ್ರು, "ನನ್ನ ವಿಟಮಿನ್ನೂ ಇರಲಿ!" ಎದುರಿನ ಬೇಕರಿಯಣ್ಣ ದೊಡ್ಡ ಲೋಟದ ತುಂಬ ಹಾಲಿಗೆ ಪ್ರೋಟೀನ್ ಪುಡಿ ಕದಡಿ ತಂದ. "ಗಟಗಟ ಕುಡೀರಿ. ಕೈ ಕಬ್ಬಿಣ ಆಗುತ್ತೆ!"

ಯಾರ ಮನಸ್ಸನ್ನೂ ನೋಯಿಸಲಾರದ ತಾತ ಎಲ್ಲವನ್ನೂ ಮಾತ್ರೆಯ ಜೊತೆಗೇ ಗಂಟಲಿಗಿಳಿಸಿದ. ಕೈ ನಿಜಕ್ಕೂ ಕಬ್ಬಿಣವೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಬೆರಳು ಮಡಚದು, ಚಿಮುಟ ನಿಲ್ಲದು.

ತಾತ ಹೋಗಿ ಹೇಳಿದಾಗ ಡಾಕ್ಟರು ತಲೆ ಚಚ್ಚಿಕೊಂಡರು. "ಆ ಪ್ರೋಟೀನು, ನನ್ನ ಮಾತ್ರೆ ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ ತಾತ. ಮಾತ್ರೆ ಹೊರಗೇ ಉಳೀತು. ಗುಳಿಗೆ, ಪುಡಿ ಏನೇ ಇರ್ಲಿ, ನನ್ನ ಕೇಳದೆ ಮುಟ್ಟಬೇಡಿ. ಮಾತ್ರೆ ನೀರಲ್ಲಷ್ಟೇ."

ಮುಂದಿನ ಮಾತ್ರೆಯನ್ನು ನೀರಲ್ಲಿ ನುಂಗಿ ಕೂತಾಗ ಬೆರಳುಗಳು ಮೆಲ್ಲಗೆ ಸಡಿಲಾದವು. ತಾತ ಡಾಕ್ಟರ ಅಪ್ಪಣೆಯನ್ನು ಮೂವರಿಗೂ ತಿಳಿಸಿದ. ಇನ್ನು ನೆಮ್ಮದಿ ಎಂದುಕೊಂಡ.

ಅವರು ಕುರ್ಚಿ ತಂದು ಸುತ್ತ ಕೂತರು. "ಬೇರೆ ಯಾರಾದ್ರೂ ಏನಾದ್ರೂ ತಿನ್ನಿಸಿಬಿಟ್ರೆ? ನಾವು ಕಾಯ್ತೀವಿ." ಆರು ಕಣ್ಣು ಒಂದೇ ಕೈಯ ಮೇಲೆ! ನಿಂತಿದ್ದ ನಡುಕ ಮತ್ತೆ ಶುರುವಾಯಿತು.

"ಅಯ್ಯೋ, ನಡುಗ್ತಿದೆ!" ಎಂದಳು ಟೈಲರಮ್ಮ. ಇನ್ನಷ್ಟು ನಡುಗಿತು.

ಸಂಜೆಯಾಗುತ್ತಾ ಬಂತು. ತಾತ ಕೈ ಮುಗಿದ. "ನಿಮ್ಮ ಗುಳಿಗೆ, ಪುಡಿ ಎಲ್ಲ ತನ್ನಿ ತಾಯಿ. ನಿಮ್ಮೆದುರೇ ನುಂಗ್ತೀನಿ. ಆಮೇಲಾದ್ರೂ ಮನೆಗೆ ಹೋಗ್ತೀರಾ?"



"ಎಲ್ಲಿದೆ ತಾತ? ಡಾಕ್ಟರು ಬೇಡ ಅಂದ್ರಲ್ಲ, ದಂಡವಾಗ್ಬಾರ್ದು ಅಂತ ನಾವೇ ಹಂಚ್ಕೊಂಡು ತಿಂದ್ವಿ," ಎಂದ ಬೇಕರಿಯಣ್ಣ, ತೋಳು ತಟ್ಟಿಕೊಂಡು. "ಎಂಥಾ ಹುರುಪು ಬಂದಿದೆ ಗೊತ್ತಾ! ಬೆಳಗಾಗೋವರೆಗೂ ಕೂರ್ತೀವಿ."

ಅಷ್ಟರಲ್ಲಿ ಹೊಸ್ತಿಲ ಮೇಲೆ ಮಗಳ ನೆರಳು ಬಿತ್ತು. ತಾತ ಆಗಷ್ಟೇ ಮತ್ತೆ ಹಿಡಿದಿದ್ದ ತಿರುಪು ಚಿಮುಟದಿಂದ ಚಿಮ್ಮಿ ನೆಲಕ್ಕುರುಳಿತು. ಮೂವರೂ ಅದೇ ಹುರುಪಿನಲ್ಲಿ ಮೇಜಿನ ಕೆಳಗೆ ನುಗ್ಗಿದರು.

ಮೇಜು ವಾಲಿ, ವಾಚಿನ ಉಳಿದ ಭಾಗಗಳೂ ಅವರ ಹಿಂದೆಯೇ ಇಳಿದುಬಂದವು.